ನೂರು ಗ್ರಾಂ ತೂಕದಾಚೆ: ವಿನೇಶ್ ಫೋಗಟ್ ಕುಸ್ತಿ ಬದುಕಿನ ಏಳುಬೀಳು

ವಿದ್ಯಾನಗರ (ಹುಬ್ಬಳ್ಳಿ): ಕುಸ್ತಿ ಎಂದೊಡನೆ ಉತ್ತರ ಕರ್ನಾಟಕದವರ ಕಣ್ಣ ಮುಂದೆ ಬರುವುದು ಜಾತ್ರೆಯ ಕೆಮ್ಮಣ್ಣಿನ ಅಖಾಡ, ಹಲಗೆಯ ಸದ್ದು, ಲಂಗೋಟಿ ಬಿಗಿದ ಪೈಲ್ವಾನರು ಮತ್ತು ಸುತ್ತ ನೆರೆದ ಪಟಕಾಧಾರಿ ಹಿರಿಯರು. ಈ ಚಿತ್ರದಲ್ಲಿ ಹೆಣ್ಣುಮಕ್ಕಳಿಗೆ ಬಹುಕಾಲ ಜಾಗವೇ ಇರಲಿಲ್ಲ. ಅಖಾಡಕ್ಕೆ ಇಳಿಯುವುದಿರಲಿ, ಪ್ರೇಕ್ಷಕರ ಸಾಲಿನಲ್ಲಿಯೂ ಅವರು ಕಾಣುತ್ತಿದ್ದುದು ಅಪರೂಪ.

ಇಂದು ಪರಿಸ್ಥಿತಿ ಬದಲಾಗಿದೆ. ಜಾತ್ರೆಯ ಕುಸ್ತಿಯನ್ನು ಒಮ್ಮೆಯೂ ನೋಡಿರದ ವಿದ್ಯಾನಗರದ ಕಾಲೇಜು ವಿದ್ಯಾರ್ಥಿನಿಗೂ ಒಬ್ಬ ಕುಸ್ತಿಪಟುವಿನ ಹೆಸರು ಕೇಳಿದರೆ ಥಟ್ಟನೆ ನೆನಪಿಗೆ ಬರುವುದು ವಿನೇಶ್ ಫೋಗಟ್. ವಿಶೇಷವೆಂದರೆ, ಅವರ ಕೊರಳಲ್ಲಿ ಒಲಿಂಪಿಕ್ ಪದಕವಿಲ್ಲ. ಮೂರು ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿಯೂ ಬರಿಗೈಯಲ್ಲಿ ಮರಳಿದ ಕ್ರೀಡಾಪಟು ದೇಶದ ಮನೆಮಾತಾದುದು ಹೇಗೆ? ಅವರ ಕ್ರೀಡಾ ಬದುಕು, ಸಾಧನೆ ಮತ್ತು ಜನಪ್ರಿಯತೆಯ ಪರಿಚಯ ಇಲ್ಲಿದೆ.

ಬಲಾಲಿಯ ಬಾಲೆ

ವಿನೇಶ್ ಜನಿಸಿದ್ದು 1994ರ ಆಗಸ್ಟ್ 25ರಂದು, ಹರಿಯಾಣದ ಬಲಾಲಿ ಗ್ರಾಮದಲ್ಲಿ. ಅಂದು ಭಿವಾನಿ ಜಿಲ್ಲೆಗೆ ಸೇರಿದ್ದ ಈ ಊರು ಇಂದು ಚರ್ಖಿ ದಾದ್ರಿ ಜಿಲ್ಲೆಯಲ್ಲಿದೆ. ತಂದೆ ರಾಜ್‌ಪಾಲ್, ತಾಯಿ ಪ್ರೇಮಲತಾ. ವಿನೇಶ್ ಇನ್ನೂ ಒಂಬತ್ತು ವರ್ಷದ ಬಾಲಕಿಯಾಗಿದ್ದಾಗಲೇ ತಂದೆಯ ಹತ್ಯೆಯಾಯಿತು. ಮಕ್ಕಳನ್ನು ಬೆಳೆಸುವ ಹೊಣೆ ತಾಯಿಯ ಹೆಗಲೇರಿತು.

ದೊಡ್ಡಪ್ಪ ಮಹಾವೀರ್ ಸಿಂಗ್ ಫೋಗಟ್ ಸ್ವತಃ ಪೈಲ್ವಾನರು. ತಮ್ಮ ಹೆಣ್ಣುಮಕ್ಕಳಾದ ಗೀತಾ, ಬಬಿತಾ, ರಿತು ಮತ್ತು ಸಂಗೀತಾ ಅವರೊಂದಿಗೆ ತಮ್ಮನ ಮಕ್ಕಳಾದ ಪ್ರಿಯಾಂಕಾ ಹಾಗೂ ವಿನೇಶ್ ಅವರನ್ನೂ ಅವರು ಅಖಾಡಕ್ಕೆ ಇಳಿಸಿದರು. ಹುಡುಗಿಯರಿಗೆ ಸರಿಜೋಡಿಗಳು ಸಿಗದ ಊರಿನಲ್ಲಿ ಅವರು ಹುಡುಗರೊಂದಿಗೇ ಸೆಣಸಬೇಕಾಯಿತು. ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸುವುದನ್ನು ಊರು ಒಪ್ಪಲಿಲ್ಲ. ಟೀಕೆಗಳಿಗೆ ಕಿವಿಗೊಡದ ಮಹಾವೀರ್ ಅವರಿಗೆ 2016ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಸಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತೆರೆಕಂಡ ಹಿಂದಿ ಚಲನಚಿತ್ರ 'ದಂಗಲ್' ಈ ಕುಟುಂಬದ ಕಥೆಯನ್ನು ದೇಶ ವಿದೇಶಗಳಿಗೆ ತಲುಪಿಸಿತು. ಆದರೆ ಆ ಚಿತ್ರದ ಕಥೆ ಗೀತಾ ಮತ್ತು ಬಬಿತಾ ಅವರದು. ವಿನೇಶ್ ಅವರ ಕಥೆ ಅದಾದ ಬಳಿಕ ನಡೆಯಬೇಕಿತ್ತು.

ತಡವಾಗಿ ತೆರೆದ ಬಾಗಿಲು

ಭಾರತದಲ್ಲಿ ಮಹಿಳಾ ಕುಸ್ತಿ ಫೋಗಟ್ ಕುಟುಂಬದಿಂದ ಆರಂಭವಾದುದಲ್ಲ. 1950ರ ದಶಕದಲ್ಲಿಯೇ ಹಮೀದಾ ಬಾನು ಎಂಬ ಕುಸ್ತಿಪಟು ಪುರುಷ ಪೈಲ್ವಾನರಿಗೆ ಸವಾಲೆಸೆದು ಸುದ್ದಿಯಾಗಿದ್ದರು. ತಮ್ಮನ್ನು ಸೋಲಿಸಿದವರನ್ನೇ ವರಿಸುವುದಾಗಿ 1954ರಲ್ಲಿ ಅವರು ಸಾರಿದ್ದರು. ಬಾಬಾ ಪೈಲ್ವಾನರನ್ನು ಕೇವಲ 1 ನಿಮಿಷ 34 ಸೆಕೆಂಡುಗಳಲ್ಲಿ ಮಣಿಸಿದ ಕೀರ್ತಿ ಅವರದು. ಆದರೆ ಅದು ಒಬ್ಬರ ಸಾಹಸವಾಗಿಯೇ ಉಳಿಯಿತು. ಅವರ ಹಿಂದೆ ಒಂದು ವ್ಯವಸ್ಥೆ ಬೆಳೆಯಲಿಲ್ಲ.

ಅಂತಾರಾಷ್ಟ್ರೀಯ ಮಟ್ಟದಲ್ಲಿಯೂ ಮಹಿಳೆಯರಿಗೆ ಬಾಗಿಲು ತೆರೆದುದು ತಡವಾಗಿ. ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1987ರಲ್ಲಿ, ನಾರ್ವೆಯಲ್ಲಿ. ಒಲಿಂಪಿಕ್ಸ್‌ಗೆ ಮಹಿಳಾ ಕುಸ್ತಿ ಸೇರಿದ್ದು 2004ರ ಅಥೆನ್ಸ್ ಕೂಟದಲ್ಲಿ. ಆಗ ಇದ್ದುದು ನಾಲ್ಕು ತೂಕ ವಿಭಾಗಗಳು ಮಾತ್ರ. 2016ರಿಂದ ಅವು ಆರಕ್ಕೆ ಏರಿವೆ.

ಭಾರತೀಯರ ಮಟ್ಟಿಗೆ 2006ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಲ್ಕಾ ತೋಮರ್ ಗೆದ್ದ ಕಂಚು ಮೊದಲ ದೊಡ್ಡ ಹೆಜ್ಜೆ. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಗೀತಾ ಫೋಗಟ್ ಚಿನ್ನ ಗೆದ್ದರು. 2012ರಲ್ಲಿ ಅವರೇ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ದೇಶದ ಮೊದಲ ಮಹಿಳಾ ಕುಸ್ತಿಪಟುವಾದರು. ಅಕ್ಕ ತುಳಿದ ಹಾದಿಯಲ್ಲಿ ತಂಗಿ ನಡೆದರು.

ಗ್ಲಾಸ್ಗೊ ಚಿನ್ನ, ರಿಯೊ ಕಣ್ಣೀರು

2013ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದ ವಿನೇಶ್, ಮರುವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದ 48 ಕೆ.ಜಿ. ವಿಭಾಗದಲ್ಲಿ ಚಿನ್ನಕ್ಕೆ ಕೊರಳೊಡ್ಡಿದರು. ಆಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಅದೇ ವರ್ಷ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಅವರದಾಯಿತು.

2016ರ ರಿಯೊ ಒಲಿಂಪಿಕ್ಸ್‌ನ ಹಾದಿ ಮಾತ್ರ ಸುಗಮವಾಗಿರಲಿಲ್ಲ. ಮಂಗೋಲಿಯಾದಲ್ಲಿ ನಡೆದ ಅರ್ಹತಾ ಸ್ಪರ್ಧೆಯಲ್ಲಿ ಅವರ ತೂಕ ನಿಗದಿತ ಮಿತಿಗಿಂತ 400 ಗ್ರಾಂ ಹೆಚ್ಚಾಗಿತ್ತು. ಸ್ಪರ್ಧಿಸುವ ಅವಕಾಶವೇ ಕೈತಪ್ಪಿತು. ಎಂಟು ವರ್ಷಗಳ ನಂತರ ಪ್ಯಾರಿಸ್‌ನಲ್ಲಿ ಎದುರಾಗಲಿದ್ದ ಸಂಕಟದ ಮುನ್ಸೂಚನೆ ಅದಾಗಿತ್ತೇ ಎಂದು ಈಗ ಹಿಂತಿರುಗಿ ನೋಡಿದಾಗ ಅನಿಸದಿರದು. ಇಸ್ತಾಂಬುಲ್‌ನಲ್ಲಿ ನಡೆದ ಕೊನೆಯ ಅರ್ಹತಾ ಕೂಟದಲ್ಲಿ ಗೆದ್ದು ಅವರು ರಿಯೊ ರಹದಾರಿ ಪಡೆದರು.

ರಿಯೊದಲ್ಲಿ ಮೊದಲ ಸೆಣಸಾಟವನ್ನು 11-0 ಅಂತರದಿಂದ ಗೆದ್ದ ವಿನೇಶ್, ಕ್ವಾರ್ಟರ್‌ಫೈನಲ್‌ನಲ್ಲಿ ಚೀನಾದ ಸುನ್ ಯನಾನ್ ಅವರನ್ನು ಎದುರಿಸಿದರು. ಹೋರಾಟದ ನಡುವೆ ಬಲಗಾಲಿನ ಮೊಣಕಾಲು ತಿರುಚಿತು. ನೋವಿನಿಂದ ಚೀರುತ್ತಿದ್ದ ಅವರನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ಯಲಾಯಿತು. ಅದೇ ದಿನ, ಅದೇ ಕ್ರೀಡಾಂಗಣದಲ್ಲಿ ಸಾಕ್ಷಿ ಮಲಿಕ್ 58 ಕೆ.ಜಿ. ವಿಭಾಗದಲ್ಲಿ 0-5 ಹಿನ್ನಡೆಯಿಂದ ಚೇತರಿಸಿಕೊಂಡು ಕಂಚು ಗೆದ್ದರು. ಒಲಿಂಪಿಕ್ ಪದಕ ಗೆದ್ದ ಭಾರತದ ಮೊದಲ ಮಹಿಳಾ ಕುಸ್ತಿಪಟು ಎಂಬ ಗೌರವ ಸಾಕ್ಷಿ ಅವರಿಗೆ ಸಂದಿತು. ದೇಶ ಸಂಭ್ರಮಿಸುತ್ತಿದ್ದಾಗ ವಿನೇಶ್ ಗಾಯದ ನೋವಿನಲ್ಲಿದ್ದರು.

ಜಕಾರ್ತದಲ್ಲಿ ಮರುಹುಟ್ಟು

ಇಂತಹ ಗಾಯದಿಂದ ಎಷ್ಟೋ ಕ್ರೀಡಾಪಟುಗಳ ಬದುಕೇ ಮುಗಿದದ್ದುಂಟು. ಶಸ್ತ್ರಚಿಕಿತ್ಸೆಯ ಬಳಿಕ ವಿನೇಶ್ 2017ರಲ್ಲಿ ಕಣಕ್ಕೆ ಮರಳಿದರು. 2018ರ ಏಪ್ರಿಲ್‌ನಲ್ಲಿ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕೂಟದ 50 ಕೆ.ಜಿ. ವಿಭಾಗದಲ್ಲಿ ಮತ್ತೆ ಚಿನ್ನ ಗೆದ್ದರು.

ಅದೇ ವರ್ಷ ಆಗಸ್ಟ್ 20ರಂದು ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ಮೊದಲ ಎದುರಾಳಿ ಬೇರಾರೂ ಅಲ್ಲ, ರಿಯೊದಲ್ಲಿ ಎದುರಿದ್ದ ಅದೇ ಸುನ್ ಯನಾನ್! ಈ ಬಾರಿ 8-2ರಿಂದ ಗೆದ್ದ ವಿನೇಶ್, ಫೈನಲ್‌ನಲ್ಲಿ ಜಪಾನಿನ ಯುಕಿ ಇರಿ ಅವರನ್ನು 6-2ರಿಂದ ಮಣಿಸಿದರು. ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತದ ಮೊದಲ ಮಹಿಳಾ ಕುಸ್ತಿಪಟು ಎಂಬ ದಾಖಲೆ ಅವರದಾಯಿತು.

ಕನ್ನಡಿಗರಿಗೆ ಆ ಕೂಟ ಇನ್ನೊಂದು ಕಾರಣಕ್ಕೂ ಸ್ಮರಣೀಯ. ಬೆಳಗಾವಿ ಸಮೀಪದ ತುರಮುರಿ ಗ್ರಾಮದ ಮಲಪ್ರಭಾ ಜಾಧವ ಅವರು ಕುಸ್ತಿಯನ್ನೇ ಹೋಲುವ, ಉಜ್ಬೇಕಿಸ್ತಾನ ಮೂಲದ ಕುರಾಶ್ ಕ್ರೀಡೆಯ 52 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದದ್ದು ಅಲ್ಲಿಯೇ.

ಗಾಯದಿಂದ ಚೇತರಿಸಿಕೊಂಡ ಬಗೆಗಾಗಿ 2019ರಲ್ಲಿ ವಿನೇಶ್ ಹೆಸರು ಪ್ರತಿಷ್ಠಿತ ಲಾರಿಯಸ್ ಪ್ರಶಸ್ತಿಯ ನಾಮನಿರ್ದೇಶಿತರ ಪಟ್ಟಿಗೆ ಸೇರಿತು. ಅದೇ ವರ್ಷ 53 ಕೆ.ಜಿ. ವಿಭಾಗಕ್ಕೆ ಬಡ್ತಿ ಪಡೆದ ಅವರು ಕಜಕಸ್ತಾನದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚಿನೊಂದಿಗೆ ಟೋಕಿಯೊ ಒಲಿಂಪಿಕ್ಸ್ ಅರ್ಹತೆಯನ್ನೂ ಗಳಿಸಿದರು. 2020ರಲ್ಲಿ ದೇಶದ ಅತ್ಯುನ್ನತ ಕ್ರೀಡಾ ಗೌರವವಾದ ಖೇಲ್ ರತ್ನ ಅವರಿಗೆ ಒಲಿಯಿತು.

2021ರಲ್ಲಿ ನಡೆದ ಟೋಕಿಯೊ ಕೂಟಕ್ಕೆ ಅವರು ಅಗ್ರ ಶ್ರೇಯಾಂಕದೊಂದಿಗೆ ತೆರಳಿದ್ದರು. ಆದರೆ ಕ್ವಾರ್ಟರ್‌ಫೈನಲ್‌ನಲ್ಲಿ ಬೆಲಾರೂಸ್‌ನ ವನೆಸಾ ಕಲಾಜಿನ್‌ಸ್ಕಯಾ ಅವರಿಗೆ ಸೋತರು. ಸೋಲಿನ ಬೆನ್ನಲ್ಲೇ ಅಶಿಸ್ತಿನ ಆರೋಪದ ಮೇಲೆ ಕುಸ್ತಿ ಫೆಡರೇಷನ್ ಅವರನ್ನು ತಾತ್ಕಾಲಿಕವಾಗಿ ಅಮಾನತುಗೊಳಿಸಿತು. ಅವರು ಕ್ಷಮೆ ಕೋರಿದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸತತ ಮೂರನೇ ಕಾಮನ್‌ವೆಲ್ತ್ ಚಿನ್ನ, ಬೆಲ್‌ಗ್ರೇಡ್‌ನಲ್ಲಿ ಎರಡನೇ ವಿಶ್ವ ಕಂಚು ಗೆದ್ದು ಮತ್ತೆ ಎದ್ದುನಿಂತರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎರಡು ಪದಕ ಗೆದ್ದ ಭಾರತದ ಮೊದಲ ಮಹಿಳೆ ಅವರು.

ಅಖಾಡದಿಂದ ಬೀದಿಗೆ

2023ರ ಜನವರಿ 18ರಂದು ದೆಹಲಿಯ ಜಂತರ್ ಮಂತರ್‌ನಲ್ಲಿ ವಿನೇಶ್, ಸಾಕ್ಷಿ ಮಲಿಕ್ ಮತ್ತು ಬಜರಂಗ್ ಪೂನಿಯಾ ಧರಣಿ ಕುಳಿತಾಗ ದೇಶವೇ ಬೆರಗಾಯಿತು. ಭಾರತೀಯ ಕುಸ್ತಿ ಫೆಡರೇಷನ್‌ನ ಅಂದಿನ ಅಧ್ಯಕ್ಷ ಹಾಗೂ ಸಂಸದ ಬ್ರಿಜ್‌ಭೂಷಣ್ ಶರಣ್ ಸಿಂಗ್ ಅವರು ಮಹಿಳಾ ಕುಸ್ತಿಪಟುಗಳಿಗೆ ಲೈಂಗಿಕ ಕಿರುಕುಳ ನೀಡಿದ್ದಾರೆ ಎಂಬುದು ಅವರ ಆರೋಪ. ಸಿಂಗ್ ಅವರು ಈ ಆರೋಪಗಳನ್ನು ನಿರಾಕರಿಸಿದ್ದಾರೆ.

ಏಪ್ರಿಲ್ 23ರಂದು ಧರಣಿ ಮತ್ತೆ ಆರಂಭವಾಯಿತು. ಮೇ 28ರಂದು ನೂತನ ಸಂಸತ್ ಭವನದತ್ತ ಹೊರಟ ಕುಸ್ತಿಪಟುಗಳನ್ನು ಪೊಲೀಸರು ವಶಕ್ಕೆ ಪಡೆದರು. ರಸ್ತೆಯ ಮೇಲೆ ಅವರನ್ನು ಎಳೆದಾಡಿದ ಚಿತ್ರಗಳು ಪತ್ರಿಕೆಗಳ ಮುಖಪುಟ ತುಂಬಿದವು. ಎರಡು ದಿನಗಳ ನಂತರ ಪದಕಗಳನ್ನು ಗಂಗೆಗೆ ಅರ್ಪಿಸಲು ಹರಿದ್ವಾರಕ್ಕೆ ತೆರಳಿದ ಅವರನ್ನು ರೈತ ಮುಖಂಡರು ಮನವೊಲಿಸಿ ಹಿಂದಕ್ಕೆ ಕರೆತಂದರು.

ಜೂನ್‌ನಲ್ಲಿ ದೆಹಲಿ ಪೊಲೀಸರು ಆರೋಪಪಟ್ಟಿ ಸಲ್ಲಿಸಿದರು. 2024ರ ಮೇ ತಿಂಗಳಲ್ಲಿ ನ್ಯಾಯಾಲಯ ಸಿಂಗ್ ವಿರುದ್ಧ ದೋಷಾರೋಪ ನಿಗದಿಪಡಿಸಿತು. ಅಪ್ರಾಪ್ತ ವಯಸ್ಸಿನ ಕುಸ್ತಿಪಟುವಿಗೆ ಸಂಬಂಧಿಸಿದ ಪ್ರತ್ಯೇಕ ಪ್ರಕರಣದಲ್ಲಿ ಪೊಲೀಸರು ಸಲ್ಲಿಸಿದ್ದ ಮುಕ್ತಾಯ ವರದಿಯನ್ನು 2025ರ ಮೇ ತಿಂಗಳಲ್ಲಿ ನ್ಯಾಯಾಲಯ ಅಂಗೀಕರಿಸಿತು.

2023ರ ಡಿಸೆಂಬರ್‌ನಲ್ಲಿ ಸಿಂಗ್ ಅವರ ಆಪ್ತ ಸಂಜಯ್ ಸಿಂಗ್ ಫೆಡರೇಷನ್ ಅಧ್ಯಕ್ಷರಾಗಿ ಚುನಾಯಿತರಾದಾಗ ಸಾಕ್ಷಿ ಕುಸ್ತಿಗೆ ವಿದಾಯ ಹೇಳಿದರು. ವಿನೇಶ್ ತಮ್ಮ ಖೇಲ್ ರತ್ನ ಮತ್ತು ಅರ್ಜುನ ಪ್ರಶಸ್ತಿಗಳನ್ನು ದೆಹಲಿಯ ಕರ್ತವ್ಯಪಥದಲ್ಲಿ ಬಿಟ್ಟು ನಡೆದರು. ಆದರೆ ಅಖಾಡವನ್ನು ಬಿಡಲಿಲ್ಲ.

ಪ್ಯಾರಿಸ್‌ನ ಒಂದು ಹಗಲು, ಒಂದು ಇರುಳು

2023ರ ಆಗಸ್ಟ್‌ನಲ್ಲಿ ವಿನೇಶ್ ಮತ್ತೊಮ್ಮೆ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಒಳಗಾದರು. ಅವರು ಚೇತರಿಸಿಕೊಳ್ಳುವ ಹೊತ್ತಿಗೆ 53 ಕೆ.ಜಿ. ವಿಭಾಗದ ಒಲಿಂಪಿಕ್ ಸ್ಥಾನವನ್ನು ಯುವ ಕುಸ್ತಿಪಟು ಅಂತಿಮ್ ಪಂಘಾಲ್ ವಿಶ್ವ ಕಂಚಿನೊಂದಿಗೆ ದೇಶಕ್ಕೆ ಗಳಿಸಿಕೊಟ್ಟಿದ್ದರು. ಉಳಿದ ದಾರಿ ಒಂದೇ: 50 ಕೆ.ಜಿ.ಗೆ ಇಳಿಯುವುದು. ಮೂವತ್ತರ ಅಂಚಿನಲ್ಲಿರುವ ದೇಹಕ್ಕೆ ಅದು ಸುಲಭದ ಮಾತಲ್ಲ. 2024ರ ಏಪ್ರಿಲ್‌ನಲ್ಲಿ ಬಿಷ್ಕೆಕ್‌ನಲ್ಲಿ ನಡೆದ ಏಷ್ಯಾ ಅರ್ಹತಾ ಕೂಟದಲ್ಲಿ ಅವರು ಪ್ಯಾರಿಸ್ ಟಿಕೆಟ್ ಗಿಟ್ಟಿಸಿದರು.

ಆಗಸ್ಟ್ 6ರಂದು ಮೊದಲ ಸುತ್ತಿನಲ್ಲಿಯೇ ಎದುರಾದವರು ಜಪಾನಿನ ಯುಯಿ ಸುಸಾಕಿ. ಟೋಕಿಯೊದಲ್ಲಿ ಒಂದೂ ಅಂಕ ಬಿಟ್ಟುಕೊಡದೆ ಚಿನ್ನ ಗೆದ್ದವರು. ವಿದೇಶಿ ಎದುರಾಳಿಗಳ ವಿರುದ್ಧ ಆಡಿದ 82 ಸೆಣಸಾಟಗಳಲ್ಲಿ ಒಮ್ಮೆಯೂ ಸೋತವರಲ್ಲ. ಕೊನೆಯ ಕ್ಷಣಗಳವರೆಗೆ 0-2 ಹಿಂದಿದ್ದ ವಿನೇಶ್, ಸಮಯ ಮುಗಿಯಲು ಸೆಕೆಂಡುಗಳಿರುವಾಗ ಪಟ್ಟು ಹಾಕಿ ಎದುರಾಳಿಯನ್ನು ಕೆಡವಿ 3-2ರಿಂದ ಗೆದ್ದರು. ಬಳಿಕ ಉಕ್ರೇನಿನ ಒಕ್ಸಾನಾ ಲಿವಾಚ್ ವಿರುದ್ಧ 7-5, ಸೆಮಿಫೈನಲ್‌ನಲ್ಲಿ ಕ್ಯೂಬಾದ ಯುಸ್ನೆಲಿಸ್ ಗುಜ್ಮನ್ ವಿರುದ್ಧ 5-0. ಒಲಿಂಪಿಕ್ ಫೈನಲ್ ತಲುಪಿದ ಭಾರತದ ಮೊದಲ ಮಹಿಳಾ ಕುಸ್ತಿಪಟು! ಕನಿಷ್ಠ ಬೆಳ್ಳಿ ಖಚಿತ ಎಂದು ದೇಶ ನಿದ್ದೆಗೆ ಜಾರಿತು.

ವಿನೇಶ್ ಮಾತ್ರ ನಿದ್ರಿಸಲಿಲ್ಲ. ಸೆಮಿಫೈನಲ್ ಮುಗಿದಾಗ ಅವರ ತೂಕ ಮಿತಿಗಿಂತ 2.7 ಕೆ.ಜಿ. ಹೆಚ್ಚಿತ್ತು ಎಂದು ಭಾರತ ತಂಡದ ಮುಖ್ಯ ವೈದ್ಯಾಧಿಕಾರಿ ದಿನ್‌ಷಾ ಪರ್ಡಿವಾಲಾ ಅನಂತರ ತಿಳಿಸಿದರು. ರಾತ್ರಿಯಿಡೀ ಕಸರತ್ತು ನಡೆಯಿತು. ನೀರು, ಆಹಾರ ತ್ಯಜಿಸಿ ಬೆವರಿಳಿಸಿದ್ದಾಯಿತು. ಕೂದಲು ಕತ್ತರಿಸಿದ್ದಾಯಿತು, ಉಡುಪನ್ನೂ ಮೊಟಕುಗೊಳಿಸಿದ್ದಾಯಿತು. ಆಗಸ್ಟ್ 7ರ ಬೆಳಿಗ್ಗೆ ತೂಕದ ಯಂತ್ರ ತೋರಿಸಿದ್ದು 50 ಕೆ.ಜಿ. 100 ಗ್ರಾಂ.

ಅಷ್ಟೇ. ಅವರನ್ನು ಸ್ಪರ್ಧೆಯಿಂದ ಅನರ್ಹಗೊಳಿಸಲಾಯಿತು. ಸೆಮಿಫೈನಲ್‌ನಲ್ಲಿ ಅವರಿಗೆ ಸೋತಿದ್ದ ಗುಜ್ಮನ್ ಫೈನಲ್ ಆಡಿದರು. ಅಮೆರಿಕದ ಸಾರಾ ಹಿಲ್ಡೆಬ್ರಾಂಟ್ ಚಿನ್ನ ಗೆದ್ದರು. ಮರುದಿನ ವಿನೇಶ್ ಕುಸ್ತಿಗೆ ವಿದಾಯ ಘೋಷಿಸಿದರು.

ಏನಿದು ತೂಕದ ನಿಯಮ?

ಜಾತ್ರೆಯ ಕುಸ್ತಿಗೆ ಜೋಡಿ ಕಟ್ಟುವಾಗ ಹಿರಿಯರು ಕಣ್ಣಳತೆಯಲ್ಲೇ ಪೈಲ್ವಾನರ ಮೈಕಟ್ಟು ಅಳೆಯುತ್ತಾರೆ. ಮ್ಯಾಟ್ ಕುಸ್ತಿಯಲ್ಲಿ ಹಾಗಲ್ಲ. ಒಲಿಂಪಿಕ್ಸ್‌ನಲ್ಲಿ ಪ್ರತಿ ವಿಭಾಗದ ಸ್ಪರ್ಧೆ ಎರಡು ದಿನ ನಡೆಯುತ್ತದೆ. ಎರಡೂ ದಿನ ಬೆಳಿಗ್ಗೆ ತೂಕ ನೋಡಲಾಗುತ್ತದೆ. ಎರಡನೇ ದಿನಕ್ಕೆ ಇರುವ ಕಾಲಾವಕಾಶ ಕೇವಲ 15 ನಿಮಿಷ. ಎರಡರಲ್ಲಿ ಯಾವ ದಿನ ವಿಫಲರಾದರೂ ಅವರು ಕೂಟದಿಂದಲೇ ಹೊರಗೆ. ಹಿಂದಿನ ದಿನದ ಗೆಲುವುಗಳೂ ಲೆಕ್ಕಕ್ಕಿಲ್ಲ, ಸ್ಥಾನಪಟ್ಟಿಯಲ್ಲಿ ಕೊನೆಯ ಸ್ಥಾನ.

ನಿಯಮ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ. ಕುಸ್ತಿಪಟುಗಳು ಸಹಜ ತೂಕಕ್ಕಿಂತ ಕೆಳಗಿನ ವಿಭಾಗದಲ್ಲಿ ಸ್ಪರ್ಧಿಸಲು ದೇಹದ ನೀರನ್ನು ಬಸಿದು ತೂಕ ಇಳಿಸುತ್ತಾರೆ. ತೂಕ ಮುಗಿದೊಡನೆ ಉಂಡು ಕುಡಿದು ಶಕ್ತಿ ತುಂಬಿಕೊಳ್ಳುತ್ತಾರೆ. ಎರಡು ದಿನವೂ ತೂಕ ನೋಡಿದರೆ ಈ ಅಪಾಯಕಾರಿ ರೂಢಿಗೆ ಕಡಿವಾಣ ಬೀಳುತ್ತದೆ ಎಂಬುದು ಆಶಯ. ಆದರೆ ಒಂದೇ ದಿನ ಮೂರು ಸೆಣಸಾಟ ಆಡುವವರು ನೀರು, ಆಹಾರ ಸೇವಿಸದೆ ಇರಲು ಸಾಧ್ಯವಿಲ್ಲ. ಸೇವಿಸಿದರೆ ತೂಕ ಏರುವುದು ತಪ್ಪದು. ಅದೇ ಪ್ಯಾರಿಸ್‌ನಲ್ಲಿ 57 ಕೆ.ಜಿ. ವಿಭಾಗದ ಅಮನ್ ಸೆಹ್ರಾವತ್ ಸುಮಾರು ಹತ್ತು ಗಂಟೆಗಳಲ್ಲಿ 4.6 ಕೆ.ಜಿ. ಇಳಿಸಿ ಕಂಚು ಗೆದ್ದರು. ಅದೇ ಅಮನ್ 2025ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1.7 ಕೆ.ಜಿ. ಹೆಚ್ಚು ತೂಗಿ ಅನರ್ಹರಾದರು.

ಜಂಟಿ ಬೆಳ್ಳಿ ಪದಕ ನೀಡಬೇಕೆಂದು ವಿನೇಶ್ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯ ಮೊರೆ ಹೋದರು. ಆಗಸ್ಟ್ 14ರಂದು ಮನವಿ ತಿರಸ್ಕೃತವಾಯಿತು. ಮಿತಿ ಎಂದರೆ ಮಿತಿ, ಅದರಲ್ಲಿ ವಿನಾಯಿತಿಗೆ ಅವಕಾಶವಿಲ್ಲ ಎಂಬುದು ತೀರ್ಪಿನ ಸಾರ. ಆದರೆ ಯಾವುದೇ ಅಕ್ರಮ ಎಸಗದ ಕ್ರೀಡಾಪಟುವಿನ ಮೇಲೆ ನಿಯಮದ ಪರಿಣಾಮ ಅತಿ ಕಠೋರವಾಗಿದೆ ಎಂಬುದನ್ನೂ ಪಂಚರು ದಾಖಲಿಸಿದರು ಎಂಬುದು ಗಮನಾರ್ಹ.

ಸೋಲಿನಲ್ಲಿ ಬೆಳೆದ ಜನಪ್ರೀತಿ

2024ರ ಆಗಸ್ಟ್ 17ರಂದು ದೆಹಲಿ ವಿಮಾನ ನಿಲ್ದಾಣದಲ್ಲಿ ಇಳಿದ ವಿನೇಶ್ ಅವರಿಗೆ ದೊರೆತ ಸ್ವಾಗತ ಪದಕ ಗೆದ್ದವರಿಗೂ ಅಪರೂಪವೇ. ಬಲಾಲಿಯವರೆಗಿನ ಹಾದಿಯುದ್ದಕ್ಕೂ ಜನ ಹಾರ ಹಿಡಿದು ಕಾದಿದ್ದರು. ಬೆಳ್ಳಿ ಪದಕ ಗೆದ್ದವರಿಗೆ ನೀಡುವ ಗೌರವವನ್ನೇ ಅವರಿಗೂ ನೀಡುವುದಾಗಿ ಹರಿಯಾಣ ಸರ್ಕಾರ ಘೋಷಿಸಿತು. 2025ರಲ್ಲಿ ಅವರು ಅದರಂತೆ 4 ಕೋಟಿ ರೂಪಾಯಿ ನಗದು ಪುರಸ್ಕಾರವನ್ನು ಆಯ್ದುಕೊಂಡರು.

2024ರ ಸೆಪ್ಟೆಂಬರ್ 6ರಂದು ಕಾಂಗ್ರೆಸ್ ಸೇರಿದ ವಿನೇಶ್, ಅಕ್ಟೋಬರ್ 8ರಂದು ಪ್ರಕಟವಾದ ಫಲಿತಾಂಶದಲ್ಲಿ ಜುಲಾನಾ ಕ್ಷೇತ್ರದಿಂದ 6,015 ಮತಗಳ ಅಂತರದಲ್ಲಿ ಗೆದ್ದು ಶಾಸಕಿಯಾದರು. ರಾಜಕೀಯ ಪ್ರವೇಶ ಅವರ ಅಭಿಮಾನಿಗಳನ್ನು ಎರಡಾಗಿ ಒಡೆಯಿತು. ಧರಣಿಯ ಹಿಂದಿದ್ದುದು ರಾಜಕಾರಣವೇ ಎಂದು ಟೀಕಾಕಾರರು ಹೇಳಿದರೆ, ವ್ಯವಸ್ಥೆಯೊಳಗೆ ಹೋಗದೆ ನ್ಯಾಯ ದೊರೆಯದು ಎಂದು ಬೆಂಬಲಿಗರು ವಾದಿಸಿದರು. 2025ರ ಜುಲೈನಲ್ಲಿ ಅವರು ಗಂಡುಮಗುವಿಗೆ ಜನ್ಮ ನೀಡಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಿವೃತ್ತಿ ಹಿಂಪಡೆದು, 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್ ತಮ್ಮ ಗುರಿ ಎಂದು ಪ್ರಕಟಿಸಿದರು.

ಪದಕದ ಲೆಕ್ಕವನ್ನಷ್ಟೇ ನೋಡಿದರೆ ಈ ಜನಪ್ರೀತಿ ಅರ್ಥವಾಗದು. ಗೆದ್ದವರನ್ನು ಜನ ಮೆಚ್ಚುತ್ತಾರೆ. ಬಿದ್ದು ಎದ್ದವರಲ್ಲಿ ತಮ್ಮನ್ನೇ ಕಾಣುತ್ತಾರೆ. ಅದರಲ್ಲಿಯೂ ಕೂದಲೆಳೆಯಲ್ಲಿ ತಪ್ಪಿದ ಅವಕಾಶ ಯಾರ ಮನೆಯಲ್ಲಿಲ್ಲ?

ನಮ್ಮ ಗರಡಿಗಳಲ್ಲಿ

ಹುಬ್ಬಳ್ಳಿ-ಧಾರವಾಡ ಗರಡಿಮನೆಗಳ ಸೀಮೆ. 2020ರ ಫೆಬ್ರುವರಿಯಲ್ಲಿ ಧಾರವಾಡದಲ್ಲಿ ನಡೆದ ರಾಜ್ಯಮಟ್ಟದ ಕರ್ನಾಟಕ ಕುಸ್ತಿ ಹಬ್ಬದಲ್ಲಿ ಮಹಿಳೆಯರೂ ಅಖಾಡಕ್ಕಿಳಿದರು. ಮೈಸೂರು ದಸರಾ ಕುಸ್ತಿಯಲ್ಲಿಯೂ ಮಹಿಳೆಯರ ಜೋಡಿಗಳು ಸೆಣಸುತ್ತವೆ. ಉತ್ತರ ಕನ್ನಡದ ಹಳಿಯಾಳದಲ್ಲಿ ಸಿದ್ದಿ ಸಮುದಾಯದ ಹುಡುಗಿಯರು ಕುಸ್ತಿಯಲ್ಲಿ ಹೆಸರು ಮಾಡಿದ್ದಾರೆ. ಗದಗ, ಬೆಳಗಾವಿಗಳಿಂದಲೂ ಕುಸ್ತಿಪಟುಗಳು ಹೊರಹೊಮ್ಮಿದ್ದಾರೆ.

ಆದರೆ ಒಲಿಂಪಿಕ್ ಕುಸ್ತಿ ನಡೆಯುವುದು ಮಣ್ಣಿನಲ್ಲಲ್ಲ, ಮ್ಯಾಟ್ ಮೇಲೆ. ಮೂರು ಮೂರು ನಿಮಿಷಗಳ ಎರಡು ಅವಧಿಗಳಲ್ಲಿ, ಅಂಕಗಳ ಲೆಕ್ಕದಲ್ಲಿ. ಎದುರಾಳಿಯನ್ನು ಚಿತ್ ಮಾಡುವವರೆಗೆ ಸೆಣಸುವ ನಿಕಾಲಿ ಕುಸ್ತಿಯ ಅಭ್ಯಾಸ ಇಲ್ಲಿ ಅರ್ಧ ದಾರಿಗಷ್ಟೇ ಸಾಕು. ಮ್ಯಾಟ್, ಮಹಿಳಾ ತರಬೇತುದಾರರು, ಪೌಷ್ಟಿಕ ಆಹಾರ, ತೂಕ ನಿರ್ವಹಣೆ ಬಲ್ಲ ತಜ್ಞರು ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಹೆಣ್ಣುಮಕ್ಕಳು ನಿರ್ಭಯವಾಗಿ ಅಭ್ಯಾಸ ಮಾಡುವ ವಾತಾವರಣ ಬೇಕು. ವಿನೇಶ್ ಬದುಕು ಹೇಳುವ ಪಾಠವೂ ಇದೇ. ಅವರು ಬೀದಿಗಿಳಿದದ್ದು ಈ ಕೊನೆಯ ಮಾತಿಗಾಗಿ. ಪದಕ ಕಳೆದುಕೊಂಡದ್ದು ತೂಕದ ಮಾತಿಗಾಗಿ.

ಸಾಧನೆಯ ಮೈಲಿಗಲ್ಲುಗಳು

ಕಾಮನ್‌ವೆಲ್ತ್ ಕ್ರೀಡಾಕೂಟ: 2014 (48 ಕೆ.ಜಿ.), 2018 (50 ಕೆ.ಜಿ.), 2022 (53 ಕೆ.ಜಿ.) ಚಿನ್ನ.

ಏಷ್ಯನ್ ಕ್ರೀಡಾಕೂಟ: 2014 ಕಂಚು, 2018 ಚಿನ್ನ.

ವಿಶ್ವ ಚಾಂಪಿಯನ್‌ಷಿಪ್: 2019, 2022 ಕಂಚು.

ಏಷ್ಯನ್ ಚಾಂಪಿಯನ್‌ಷಿಪ್: 2021ರ ಚಿನ್ನ ಸೇರಿ ಎಂಟು ಪದಕ.

ಒಲಿಂಪಿಕ್ಸ್: 2016 ರಿಯೊ ಮತ್ತು 2020ರ ಟೋಕಿಯೊ (2021ರಲ್ಲಿ ನಡೆದದ್ದು) ಕ್ವಾರ್ಟರ್‌ಫೈನಲ್, 2024 ಪ್ಯಾರಿಸ್‌ನಲ್ಲಿ ಫೈನಲ್ ತಲುಪಿ ಅನರ್ಹ.

ಪ್ರಶಸ್ತಿ: ಅರ್ಜುನ (2016), ಖೇಲ್ ರತ್ನ (2020), ಎರಡನ್ನೂ 2023ರ ಡಿಸೆಂಬರ್‌ನಲ್ಲಿ ಮರಳಿಸಿದರು.